ಸೀಸೆ ಹೇಳದ ಸಂಗತಿ
(ಸಂಘದಲ್ಲಿ ಮಾಡಿದ ಉಪನ್ಯಾಸದ ಪಾಠ)



ಹೊಳೆಯ ನೀರು ಶುದ್ಧವೇ ಎಂದು ತಿಳಿಯಲು ನಾವು ಒಂದು ಸೀಸೆ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಆ ಸೀಸೆ ಹೇಳದ ಸಂಗತಿಯೊಂದನ್ನು ತಮ್ಮ ಮುಂದಿಡಬಯಸುತ್ತೇನೆ.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಕ್ಲಾರ್ಕ್ ಫೋರ್ಕ್ ಎಂಬ ನದಿಯಿದೆ. ಅದರ ಮೇಲ್ಭಾಗದಲ್ಲಿ ಬ್ಯೂಟ್ ಪಟ್ಟಣದ ತಾಮ್ರದ ಗಣಿಗಳು, ಅನಕೊಂಡಾದ ಕುಲುಮೆ. 1908ರ ಮಹಾಪೂರವು ಗಣಿಯ ತ್ಯಾಜ್ಯವನ್ನು ನದಿಯುದ್ದಕ್ಕೂ ಹರಡಿತು. ಕುಲುಮೆ 1980ರಲ್ಲಿ ಮುಚ್ಚಿತು. ತಾಮ್ರ, ಸತು, ಕ್ಯಾಡ್ಮಿಯಂ, ಆರ್ಸೆನಿಕ್‌ಗಳು ಮಾತ್ರ ಹೊಳೆಯನ್ನು ಬಿಡಲಿಲ್ಲ.

ಅವು ನೆಲೆಯೂರಿದ್ದು ದಂಡೆಯ ಮಣ್ಣಿನಲ್ಲಿ, ಹೂಳಿನಲ್ಲಿ, ಮುಖ್ಯವಾಗಿ ಕಲ್ಲುಗಳ ಮೇಲಿನ ಲೋಳೆಯಲ್ಲಿ. ಪಾಚಿ, ಬ್ಯಾಕ್ಟೀರಿಯಾಗಳು ಹೆಣೆದ ಈ ತೆಳುಪದರವು ನೀರಿನಲ್ಲಿ ಅತ್ಯಲ್ಪವಾಗಿ ಕರಗಿರುವ ಲೋಹವನ್ನು ಹೀರಿ ಅನೇಕ ಪಟ್ಟು ಸಾಂದ್ರಗೊಳಿಸುತ್ತದೆ. ಮೇಫ್ಲೈ ಕೀಟದ ಮರಿಗಳಲ್ಲಿ ಅನೇಕವು ಈ ಲೋಳೆಯನ್ನೇ ಕೆರೆದು ತಿನ್ನುತ್ತವೆ. ಅವುಗಳ ದೇಹಕ್ಕೆ ಕ್ಯಾಡ್ಮಿಯಂ ಸೇರುವುದು ಬಹುಪಾಲು ಆಹಾರದ ಮೂಲಕವೇ ಹೊರತು ಕಿವಿರುಗಳ ಮೂಲಕವಲ್ಲ.

ದೇಹ ಸೇರಿದ ಲೋಹಕ್ಕೆ ಎರಡು ಗತಿ. ಕೆಲವು ಜೀವಿಗಳು ಅದನ್ನು ಗಟ್ಟಿ ಕಣಗಳಲ್ಲಿ ಬಂಧಿಸುತ್ತವೆ. ಅವನ್ನು ತಿಂದ ಮೀನಿಗೆ ಅದರ ಬಹುಭಾಗ ಜೀರ್ಣವಾಗದು. ಜೀವಕೋಶದ ದ್ರವದಲ್ಲಿ, ಪ್ರೋಟೀನಿಗಂಟಿ ಉಳಿದದ್ದಾದರೋ ಸುಲಭವಾಗಿ ಮುಂದಕ್ಕೆ ದಾಟುತ್ತದೆ. ಆದುದರಿಂದ ಎಷ್ಟು ಲೋಹವಿದೆ ಎಂಬುದರಷ್ಟೇ ಯಾವ ರೂಪದಲ್ಲಿದೆ ಎಂಬುದೂ ಮುಖ್ಯ. ಮೀಥೈಲ್ ಪಾದರಸದಂತೆ ತಾಮ್ರ, ಸತುಗಳು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತ ಹೋಗುವುದಿಲ್ಲ, ನಿಜ. ಆದರೂ ಹಾನಿ ತಪ್ಪದು. ಕ್ಲಾರ್ಕ್ ಫೋರ್ಕ್‌ನ ಕೀಟಗಳನ್ನು ಟ್ರೌಟ್ ಮರಿಗಳಿಗೆ ಉಣಿಸಿದ, 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮರಿಗಳ ಬೆಳವಣಿಗೆ ಕುಂಠಿತವಾಯಿತು, ಬದುಕುಳಿದವೂ ಕಡಿಮೆ. ಸೂಕ್ಷ್ಮ ಕೀಟಗಳೇ ಅಳಿದಲ್ಲಿ ಮೀನಿಗೆ ಉಣಿಸೇ ಇಲ್ಲವಾಗುತ್ತದೆ.

2008ರಲ್ಲಿ ಅಲ್ಲಿನ ಮಿಲ್‌ಟೌನ್ ಅಣೆಕಟ್ಟನ್ನು ಒಡೆದರು. ಅದರ ಹಿಂದಿನ ವಿಷಭರಿತ ಹೂಳನ್ನು ರೈಲಿನಲ್ಲಿ ಸಾಗಿಸಿದರು. ಒಂದು ಶತಮಾನದ ಲಾಭಕ್ಕೆ ಮುಂದಿನ ಪೀಳಿಗೆ ತೆತ್ತ ಬೆಲೆಯಿದು.

ಬಂಧುಗಳೇ, ನಾವು ಮೂಸಿ, ಮುಳಾ-ಮುಠಾ, ಕೂವಂ, ಯಮುನೆಗಳ ತೀರದ ಊರುಗಳಲ್ಲಿ ಬಾಳು ಕಟ್ಟಿಕೊಂಡವರು. ನುಡಿ ಬೇರೆಯಾದರೂ ಆ ನೀರಿನ ಋಣ ನಮ್ಮ ಮೇಲಿದೆ. ನದಿಯ ವರದಿ ಪ್ರಕಟವಾದಾಗ ನಾವು ಕೇಳಬೇಕಾದ ಪ್ರಶ್ನೆ ಸರಳ: ನೀರನ್ನು ಅಳೆದಿರಿ, ಸರಿ, ಹೂಳನ್ನು ಅಳೆದಿರಾ? ಕಲ್ಲಿನಡಿಯ ಹುಳುಗಳನ್ನು ಎಣಿಸಿದಿರಾ?