ಪ್ರೋಟೀನಿನ ಚಲನೆಯನ್ನು ಲೆಕ್ಕದಲ್ಲಿ ಕಂಡವರು

ಪಠ್ಯಪುಸ್ತಕದಲ್ಲಿ ಪ್ರೋಟೀನು ಎಂದರೆ ಬಣ್ಣಬಣ್ಣದ ಸುರುಳಿಗಳ ಚಿತ್ರ. ಹರಳಿಗೆ ಎಕ್ಸ್‌ರೇ ಹಾಯಿಸಿ ಪಡೆದ ಆ ಚಿತ್ರ ಸುಳ್ಳಲ್ಲ, ಆದರೆ ಅದರಲ್ಲಿ ಪ್ರೋಟೀನು ನಿಂತುಬಿಟ್ಟಿದೆ. ಜೀವಕೋಶದೊಳಗೆ ಅದು ಬಾಗುತ್ತದೆ, ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ. ಅದರ ಕೆಲಸವೆಲ್ಲ ನಡೆಯುವುದು ಈ ಚಲನೆಯಲ್ಲೇ.

ಇದನ್ನು ಕಂಪ್ಯೂಟರಿನಲ್ಲಿ ಹಿಂಬಾಲಿಸುವ ಉಪಾಯಕ್ಕೆ ಆಧಾರ ನ್ಯೂಟನ್ನನ ನಿಯಮ. ಪ್ರತಿ ಪರಮಾಣುವನ್ನು ಅಕ್ಕಪಕ್ಕದವು ಎಷ್ಟು ಸೆಳೆಯುತ್ತವೆ, ಎಷ್ಟು ತಳ್ಳುತ್ತವೆ ಎಂದು ಲೆಕ್ಕ ಹಾಕಬೇಕು, ಅದನ್ನು ತುಸುವೇ ಸರಿಸಬೇಕು, ಮತ್ತೆ ಲೆಕ್ಕ ಹಾಕಬೇಕು. ಒಂದೊಂದು ಹೆಜ್ಜೆಗೆ ಒಂದೆರಡು ಫೆಮ್ಟೊಸೆಕೆಂಡು. ಅಂದರೆ ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು! ಹೆಜ್ಜೆ ತೀರಾ ಉದ್ದವಾದರೆ ಪರಮಾಣುಗಳ ಕಂಪನ ಕೈತಪ್ಪಿ ಲೆಕ್ಕವೇ ಕುಸಿಯುತ್ತದೆ.

ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ 1964ರಲ್ಲಿ ಅಮೆರಿಕದ ಆರ್ಗೋನ್ ಪ್ರಯೋಗಾಲಯದಲ್ಲಿ ದ್ರವ ಆರ್ಗಾನಿನ 864 ಪರಮಾಣುಗಳನ್ನು ಹೀಗೆ ನಡೆಸಿ ನೋಡಿದರು. ಇಂಥವರ ಹೆಸರು ನಮ್ಮ ಶಾಲೆಗಳಲ್ಲಿ ಕೇಳಿಬರಬೇಕು. ಅದೇ ಉಪಾಯವನ್ನು ಪ್ರೋಟೀನಿಗೆ ಹಚ್ಚಲು 1977ರಲ್ಲಿ ವಿಜ್ಞಾನಿಗಳಾದ ಮೆಕ್‌ಕ್ಯಾಮನ್, ಗೆಲಿನ್, ಕಾರ್‌ಪ್ಲಸ್ ಮೂವರೂ ಸೇರಿ ದನದ ಮೇದೋಜೀರಕ ಗ್ರಂಥಿಯಲ್ಲಿ ಸಿಗುವ, 58 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನನ್ನು ಆಯ್ದುಕೊಂಡರು. ಸುತ್ತ ನೀರಿಲ್ಲ, ಚಲನೆ ಬರೀ 9.2 ಪಿಕೊಸೆಕೆಂಡಿನದು, ಅಂದರೆ ಒಂಬತ್ತು ಸಾವಿರ ಚಿಲ್ಲರೆ ಫೆಮ್ಟೊಸೆಕೆಂಡು. ಆದರೂ ಪ್ರೋಟೀನಿನ ಒಳಭಾಗ ಗಟ್ಟಿಯಾಗಿ ಕೂತಿಲ್ಲ, ದ್ರವದಂತೆ ಅಲುಗಾಡುತ್ತಿದೆ ಎಂಬುದು ಕಣ್ಣಿಗೆ ಬಿತ್ತು. 2010ರಲ್ಲಿ ಡೇವಿಡ್ ಶಾ ಎಂಬ ವಿಜ್ಞಾನಿಯ ತಂಡ ಇಂಥ ಲೆಕ್ಕಕ್ಕೆಂದೇ ಕಟ್ಟಿದ ಆಂಟನ್ ಯಂತ್ರದಲ್ಲಿ ಅದೇ ಪ್ರೋಟೀನನ್ನು ನೀರಿನಲ್ಲಿಟ್ಟು ಒಂದು ಮಿಲಿಸೆಕೆಂಡು ಓಡಿಸಿತು. ಮೊದಲಿನದಕ್ಕಿಂತ ಹತ್ತು ಕೋಟಿ ಪಟ್ಟು ಹೆಚ್ಚು ಕಾಲ! ಪ್ರೋಟೀನು ಬೆರಳೆಣಿಕೆಯ ಆಕಾರಗಳ ನಡುವೆ ಹೋಗಿಬರುತ್ತಿರುವುದು ಆಗ ಕಂಡಿತು.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು 1963ರಲ್ಲಿ ಮದ್ರಾಸಿನಿಂದ ನಕ್ಷೆ ಕೊಟ್ಟ ಜಿ.ಎನ್. ರಾಮಚಂದ್ರನ್, ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರ ವಿಭಾಗ ಕಟ್ಟಿದರು. ರಚನೆ ಸರಿಯಿದೆಯೇ ಎಂದು ಇಂದಿಗೂ ಆ ನಕ್ಷೆಯಲ್ಲೇ ಪರೀಕ್ಷಿಸುತ್ತಾರೆ.

ಲೆಕ್ಕಕ್ಕೆ ಮಿತಿಯೂ ಉಂಟು. ಪರಮಾಣುಗಳ ನಡುವಿನ ಬಲಗಳಿಗೆ ಬಳಸುವ ಸೂತ್ರಗಳು ಅಂದಾಜಿನವು, ಹಾಗಾಗಿ ಫಲಿತಾಂಶವನ್ನು ಪ್ರಯೋಗದೊಂದಿಗೆ ಹೋಲಿಸಲೇಬೇಕು. ಆದರೆ ಪ್ರಯೋಗಕ್ಕೆ ಕಾಣದ್ದನ್ನು ಲೆಕ್ಕ ತೋರಿಸಿದ್ದೂ ಇದೆ. ಎಚ್‌ಐವಿಯ ಇಂಟಿಗ್ರೇಸ್ ಕಿಣ್ವದಲ್ಲಿ ಎಕ್ಸ್‌ರೇ ಚಿತ್ರದಲ್ಲಿಲ್ಲದ ಒಂದು ಬಿರುಕು ಆಗಾಗ ತೆರೆಯುತ್ತದೆಂದು 2004ರಲ್ಲಿ ಮೆಕ್‌ಕ್ಯಾಮನ್ ತಂಡ ಕಂಡುಕೊಂಡಿತು. ಆ ಕಿಣ್ವವನ್ನು ತಡೆಯುವ ಮೊದಲ ಔಷಧ ರಾಲ್ಟೆಗ್ರವಿರ್‌ಗೆ 2007ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಇಂದು ಇಂಥ ಲೆಕ್ಕ ಹಾಕುವ ಗ್ರೊಮ್ಯಾಕ್ಸ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಮೊಟ್ಟೆಯ ಬಿಳಿಭಾಗದ ಲೈಸೊಜೈಮ್ ಎಂಬ ಪ್ರೋಟೀನನ್ನು ನೀರಿನಲ್ಲಿಟ್ಟು ಓಡಿಸುವುದೇ ಅದರ ಮೊದಲ ಪಾಠ. ಭೌತಶಾಸ್ತ್ರ, ಗಣಿತ ಓದುತ್ತಿರುವ ನಮ್ಮ ಮಕ್ಕಳು ಜೀವಶಾಸ್ತ್ರ ತಮ್ಮದಲ್ಲ ಎನ್ನದೆ ಆ ಪಾಠವನ್ನೊಮ್ಮೆ ಮಾಡಿ ನೋಡಲಿ.