ಬಿಚ್ಚಿ ಕೊಟ್ಟ ಅಂಗಿ

ಮೊನ್ನೆ ಬೆಳಗಿನ ಬಸ್ಸಿನಲ್ಲಿ ಕಿಟಕಿಯಿಂದ ಚಳಿಗಾಳಿ ನುಗ್ಗುತ್ತಿತ್ತು. ಅಜ್ಜಿಯೊಬ್ಬರು ತಾವು ಹೊದ್ದಿದ್ದ ಶಾಲು ತೆಗೆದು, ಪಕ್ಕದಲ್ಲಿ ನಡುಗುತ್ತಿದ್ದ ಮಗುವಿಗೆ ಹೊದಿಸಿದರು. ಯಾರ ಮಗುವೋ, ಏನೋ. ನನಗೆ ಜಾರ್ಜ್ ಫಾಕ್ಸ್ ನೆನಪಾದರು.

ಫಾಕ್ಸ್ ಅಮೆರಿಕದ ಮೆಥಡಿಸ್ಟ್ ಪಾದ್ರಿ. ಮೊದಲ ಮಹಾಯುದ್ಧದಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಸೈನ್ಯದ ವೈದ್ಯಕೀಯ ದಳದಲ್ಲಿ ದುಡಿದವರು. ಆಮೇಲೆ ವರ್ಮಾಂಟ್ ರಾಜ್ಯದ ಗಿಲ್ಮನ್ ಎಂಬ ಪುಟ್ಟ ಊರಿನಲ್ಲಿ ಪಾದ್ರಿಯಾದರು. ಎರಡನೆಯ ಯುದ್ಧ ಬಂತು. ಯುದ್ಧ ಎಂದರೇನೆಂದು ಕಣ್ಣಾರೆ ಕಂಡವರು ಅವರು. ಆದರೂ 1942ರಲ್ಲಿ ಮತ್ತೆ ಹೊರಟರು, ಸೈನಿಕರ ಧರ್ಮಗುರುವಾಗಿ. ಈ ‘ಆದರೂ’ ನನ್ನನ್ನು ಬಹಳ ಕಾಡುತ್ತದೆ.

1943ರ ಫೆಬ್ರವರಿ 3. ಇನ್ನೂ ನಸುಕು ಹರಿದಿರಲಿಲ್ಲ. ಗ್ರೀನ್‌ಲ್ಯಾಂಡ್ ಸಮೀಪ, ಫಾಕ್ಸ್ ಸೈನಿಕರೊಂದಿಗೆ ಹೊರಟಿದ್ದ ‘ಡಾರ್ಚೆಸ್ಟರ್’ ಹಡಗಿಗೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಹಡಗಿನಲ್ಲಿ 900ಕ್ಕೂ ಹೆಚ್ಚು ಜನ. ಸುತ್ತ ಕತ್ತಲೆ, ಕೆಳಗೆ ಮಂಜಿನಂಥ ನೀರು.

ಫಾಕ್ಸ್ ಜೊತೆ ಇನ್ನೂ ಮೂವರು ಧರ್ಮಗುರುಗಳಿದ್ದರು. ಒಬ್ಬರು ಯಹೂದಿ ರಬ್ಬಿ, ಒಬ್ಬರು ಕ್ಯಾಥೊಲಿಕ್, ಇನ್ನೊಬ್ಬರು ರಿಫಾರ್ಮ್ಡ್ ಸಭೆಯವರು. ನಾಲ್ವರೂ ಹೆದರಿದ ಹುಡುಗರಿಗೆ ಧೈರ್ಯ ಹೇಳಿದರು. ಲೈಫ್ ಜಾಕೆಟ್‌ಗಳನ್ನು ಹಂಚಿದರು. ಅವು ಮುಗಿದವು. ಆಗ ತಮ್ಮ ಮೈಮೇಲಿದ್ದವನ್ನೇ ಬಿಚ್ಚಿ, ಎದುರಿಗೆ ಸಿಕ್ಕವರಿಗೆ ಕೊಟ್ಟರು.

ಬದುಕಿ ಬಂದವರು ಸುಮಾರು 230 ಮಂದಿ. ದೋಣಿಗಳಿಂದ ಅವರು ಕಂಡದ್ದು ಇಷ್ಟು: ವಾಲುತ್ತಿದ್ದ ಹಡಗಿನ ಮೇಲೆ ನಾಲ್ವರು ತೋಳಿಗೆ ತೋಳು ಸೇರಿಸಿ ನಿಂತಿದ್ದರು. ಪ್ರಾರ್ಥನೆಯ ದನಿ ನೀರಿನ ಮೇಲೆ ಕೇಳುತ್ತಿತ್ತು.

ಅಜ್ಜಿ ಇಳಿಯುವಾಗ ಮಗು ನಿದ್ದೆಹೋಗಿತ್ತು. ಶಾಲು ಅದರ ಮೈಮೇಲೆಯೇ ಉಳಿಯಿತು.