ಶಾಲು ಹೊದಿಸಿದ ಮೇಲೆ

(ವ್ಯಸನಮುಕ್ತ ದಿನಾಚರಣೆಯಲ್ಲಿ ಮಾಡಿದ ಭಾಷಣ)

ಪತ್ರಿಕೆಯಲ್ಲಿ ನನ್ನ ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ.

ಇಂದು ಆಗಸ್ಟ್ 1, ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ಅವರು ಜೋಳಿಗೆ ಹಿಡಿದು ಕಾಳುಕಡಿ ಬೇಡಲಿಲ್ಲ, ನಮ್ಮ ದುಶ್ಚಟ ಬೇಡಿದರು. ಅವರ ದಾರಿ ನೋಡಿ ಹಲವು ಕಡೆ ಇಂಥ ಸಭೆಗಳು ನಡೆದವು. ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದು ಬಂದ ನನ್ನನ್ನೂ ಒಂದೂರಿನ ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾಲ್ಕನೆಯ ತಿಂಗಳು ಅಕ್ಕನ ಮಗನ ಮದುವೆಯಲ್ಲಿ ಮತ್ತೆ ಕುಡಿದೆ. ಶಾಲು ಹೊದಿಸಿಕೊಂಡವನು ಯಾವ ಮುಖ ಹೊತ್ತು ಮಠಕ್ಕೆ ಬರಲಿ? ಒಂದು ವರ್ಷ ಆ ಬೀದಿಯಲ್ಲೇ ಓಡಾಡಲಿಲ್ಲ.

ಆಸ್ಪತ್ರೆ ಬೇಕೇ ಬೇಕು. ಬಹಳ ಕುಡಿಯುವವರು ಆಣೆ ಮಾಡಿ ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯವಾದೀತು. ಆದರೆ ಮನೆಗೆ ಬಂದ ಮೇಲೆ ಸಂಜೆ ಆರು ಗಂಟೆಗೆ ಕಾಲು ಎಳೆಯುತ್ತದಲ್ಲ, ಆಗ ಡಾಕ್ಟರು ಹತ್ತಿರ ಇರುವುದಿಲ್ಲ.

1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಎಂಬವರಿಗೂ ಹೀಗೇ ಆಯಿತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ವ್ಯವಹಾರ ಮುರಿದುಬಿದ್ದಿತ್ತು, ಹೋಟೆಲಿನ ಬಾರು ಕರೆಯುತ್ತಿತ್ತು. ಅವರು ಫೋನಿನ ಮೇಲೆ ಫೋನು ಮಾಡಿ ಹುಡುಕಿದ್ದು ಇನ್ನೊಬ್ಬ ಕುಡುಕನನ್ನು! ಸಿಕ್ಕವರು ಬಾಬ್ ಸ್ಮಿತ್ ಎಂಬ ಡಾಕ್ಟರು. ಉಪದೇಶ ಮಾಡದೆ ತಮ್ಮ ಪಾಡು ಹೇಳಿಕೊಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹಾಗೆ.

ನಮ್ಮ ಗುಂಪೂ ಅಷ್ಟೇ. ಹತ್ತು ಕುರ್ಚಿ, ಚಹಾ. 'ನಾನೊಬ್ಬ ಕುಡುಕ' ಎಂದು ಶುರು ಮಾಡುತ್ತೇವೆ. ಇವತ್ತೊಂದು ದಿನ ಕುಡಿಯುವುದಿಲ್ಲ, ಅಷ್ಟೇ ಲೆಕ್ಕ. ಅಲ್ಲಿ ಆಡಿದ ಮಾತು ಹೊರಗೆ ಹೋಗದು, ಹೆಸರೂ ಹೋಗದು. ಮತ್ತೆ ಕುಡಿದು ಬಂದವನಿಗೆ ಅದೇ ಕುರ್ಚಿ. ನಾನು ಹಾಗೆ ಎರಡು ಸಲ ಬಂದಿದ್ದೇನೆ. ಕಲ್ಯಾಣದ ಶರಣರೂ ತಮ್ಮ ತಮ್ಮ ಅನುಭಾವವನ್ನೇ ಆಡಿದವರು. ಅವರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಒಬ್ಬ ಎಂಬುದನ್ನು ನಾವು ಮರೆಯುತ್ತೇವೆ.

ಹೆಂಡಿರು ಮಕ್ಕಳಿಗೂ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ. ನನ್ನಾಕೆ ಅಲ್ಲಿಗೆ ಹೋದ ಮೇಲೆಯೇ ನನ್ನ ಜೇಬು ತಡಕುವುದನ್ನು ಬಿಟ್ಟಳು.

ಅಪ್ಪಗಳವರಲ್ಲಿ ನನ್ನದೊಂದು ಬಿನ್ನಹ. ಇಂದು ಕುಡಿತ ಬಿಟ್ಟೆವೆಂದು ಬಂದವರಿಗೆ ಶಾಲು ಬೇಡ, ಫೋಟೋ ಬೇಡ. ಪ್ರಸಾದ ನಿಲಯದ ಹಿಂದಿನ ಕೋಣೆ ಶನಿವಾರ ಸಂಜೆ ಖಾಲಿ ಇರುತ್ತದೆ. ಅದರ ಕೀಲಿಕೈ ಕೊಡಿಸಬೇಕು. ಬಾಡಿಗೆ, ಚಹಾದ ಖರ್ಚು ನಮ್ಮದು. ಹೊರಗಿನವರ ದೇಣಿಗೆ ನಾವು ತೆಗೆದುಕೊಳ್ಳುವುದಿಲ್ಲ, ಮಠದ್ದೂ ಸಹ.